ಧ್ರುವಕ್ಕೆ ಹೋದ ಅಜ್ಜ ಯಾರ ಬಾಯಲ್ಲಿ ಉಳಿದ?

1987ರಲ್ಲಿ ಎಂಬತ್ತರ ಆಸುಪಾಸಿನ ಇಬ್ಬರು ಮುದುಕರು ಗ್ರೀನ್‌ಲ್ಯಾಂಡಿನ ವಾಯವ್ಯ ತುದಿಯಿಂದ ಅಮೆರಿಕಕ್ಕೆ ಬಂದಿಳಿದರು. ಇಬ್ಬರೂ ಇನ್ಯೂಟ್ ಜನ. ಹಿಮದ ಮೇಲೆ ನಾಯಿಬಂಡಿ ಓಡಿಸಿ, ಸೀಲ್ ಬೇಟೆಯಾಡಿ ಬದುಕು ಸಾಗಿಸಿದವರು. ಇಬ್ಬರೂ ಹುಟ್ಟಿದ್ದು 1906ರಲ್ಲಿ. ಒಬ್ಬನ ಹೆಸರು ಅನೌಕಾಕ್, ಮತ್ತೊಬ್ಬನದು ಕಾಲಿ. ಉತ್ತರ ಧ್ರುವ ಮುಟ್ಟಿದೆವೆಂದು 1909ರಲ್ಲಿ ಜಗತ್ತಿಗೆ ಸಾರಿದ ಅಮೆರಿಕದ ತಂಡದ ನಾಯಕ ರಾಬರ್ಟ್ ಪಿಯರಿ ಈ ಕಾಲಿಯ ತಂದೆ. ಅದೇ ತಂಡದಲ್ಲಿ ಪಿಯರಿಯ ಬಲಗೈಯಾಗಿದ್ದ ಕರಿಯ ಜನಾಂಗದ ಮ್ಯಾಥ್ಯೂ ಹೆನ್ಸನ್ ಅನೌಕಾಕ್‌ನ ತಂದೆ. ಮಕ್ಕಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ತಂದೆಯರು ಹಡಗು ಹತ್ತಿ ಹೋದರು. ಮತ್ತೆ ಅತ್ತ ಬರಲಿಲ್ಲ.

ಅನೌಕಾಕ್‌ಗೆ ಇದ್ದ ಆಸೆ ದೊಡ್ಡದೇನೂ ಅಲ್ಲ. ಸಾಯುವ ಮೊದಲು ಅಪ್ಪನ ಸಮಾಧಿ ನೋಡಬೇಕು, ಅಪ್ಪನ ಕಡೆಯ ಬಳಗ ಯಾರಾದರೂ ಇದ್ದರೆ ಮುಖ ನೋಡಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ನರವಿಜ್ಞಾನಿ ಅಲೆನ್ ಕೌಂಟರ್ ಎಂಬವರು 1986ರಲ್ಲಿ ಇವರನ್ನು ಹುಡುಕಿಕೊಂಡು ಹೋಗಿದ್ದರು. ಮರುವರ್ಷ ಅವರೇ ಮುಂದೆ ನಿಂತು ಇಬ್ಬರನ್ನೂ ಕರೆಸಿಕೊಂಡರು. ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿ ಅನೌಕಾಕ್ ತಂದೆಯ ಗೋರಿಯ ಮುಂದೆ ನಿಂತ. ಊರಿಗೆ ಮರಳಿದ ಸ್ವಲ್ಪ ದಿನಕ್ಕೆ, ಅದೇ ವರ್ಷ, ತೀರಿಕೊಂಡ.

ಮನೆಯ ಹಿರಿಯನೊಬ್ಬ ಭೂಮಿಯ ತುದಿಗೆ ಹೋಗಿ ಬಂದ ಅಂದರೆ ಆ ಮನೆಯವರು ನಾಲ್ಕು ತಲೆಮಾರು ಅದನ್ನು ಹೇಳಿಕೊಳ್ಳುತ್ತಾರೆ. ಗೋಡೆ ಮೇಲೆ ಫೋಟೊ, ಫೋಟೊಕ್ಕೆ ಹಾರ, ಬಂದವರಿಗೆಲ್ಲ ಅದೇ ಕಥೆ. ಅದರಲ್ಲಿ ತಪ್ಪಿಲ್ಲ. ಆದರೆ ಹೀಗೆ ಹೇಳಿಕೊಳ್ಳುವ ಅವಕಾಶ ಎಲ್ಲ ಮನೆಗಳಿಗೂ ಸಮನಾಗಿ ಸಿಕ್ಕಿಲ್ಲ ಎಂಬುದೇ ಇಲ್ಲಿಯ ತಕರಾರು. ಪಿಯರಿ 1920ರಲ್ಲಿ ಸತ್ತಾಗ ಆತನನ್ನು ಅಮೆರಿಕದ ವೀರರ ಸ್ಮಶಾನವಾದ ಆರ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಿದರು. ಮೇಲೆ ಬಿಳಿ ಕಲ್ಲಿನ ಭೂಗೋಳ, ಉತ್ತರ ಧ್ರುವದ ಜಾಗದಲ್ಲಿ ಕಂಚಿನ ನಕ್ಷತ್ರ. 1911ರಲ್ಲೇ ಅಮೆರಿಕದ ಸಂಸತ್ತು ಕಾನೂನು ಮಾಡಿ ಆತನಿಗೆ ನೌಕಾಪಡೆಯ ರಿಯರ್ ಅಡ್ಮಿರಲ್ ಹುದ್ದೆಯ ಗೌರವ ಕೊಟ್ಟಿತ್ತು. ಹೆನ್ಸನ್‌ಗೆ ಏನು ಸಿಕ್ಕಿತು? ಕೆಲ ಕಾಲ ಗ್ಯಾರೇಜಿನಲ್ಲಿ ಕೆಲಸ. ಆಮೇಲೆ 1913ರಲ್ಲಿ, ಅಧ್ಯಕ್ಷ ಟಾಫ್ಟ್ ಅವರ ಶಿಫಾರಸಿನ ಮೇಲೆ, ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ಕಾಗದಪತ್ರ ಒಯ್ಯುವ ಜವಾನನ ನೌಕರಿ. ಗುಮಾಸ್ತನಾಗಿ 1936ರಲ್ಲಿ ನಿವೃತ್ತನಾದ. ಇಪ್ಪತ್ತಮೂರು ವರ್ಷ ಆ ಕಚೇರಿಗೆ ಬಂದು ಹೋದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ ಈತ ಯಾರೆಂದು!

ಹೆನ್ಸನ್ ಹುಟ್ಟಿದ್ದು 1866ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ, ಪಾಲಿಗೆ ಹೊಲ ಮಾಡುವವರ ಮನೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ಇಲ್ಲದಂತಾಯಿತು. ಹನ್ನೆರಡನೇ ವಯಸ್ಸಿಗೆ ಹಡಗಿನ ಚಾಕರಿಗೆ ಸೇರಿದ. ಆ ಹಡಗಿನ ಕಪ್ತಾನನೇ ಅಕ್ಷರ ಕಲಿಸಿದ. 1887ರಲ್ಲಿ ವಾಷಿಂಗ್ಟನ್ನಿನ ಒಂದು ಟೋಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಪಿಯರಿಯ ಕಣ್ಣಿಗೆ ಬಿದ್ದ. ನಿಕರಾಗುವಾ ದೇಶದಲ್ಲಿ ಕಾಲುವೆ ಸರ್ವೆಗೆ ಹೊರಟಿದ್ದ ಪಿಯರಿ ತನ್ನ ಬಟ್ಟೆಬರೆ ನೋಡಿಕೊಳ್ಳಲು ಆಳು ಬೇಕೆಂದು ಕರೆದೊಯ್ದ. ಆಳಾಗಿ ಹೋದವನು ಮುಂದೆ ಏನಾದ ಎನ್ನುವುದೇ ಕಥೆ.

1891ರಿಂದ 1909ರವರೆಗೆ ಪಿಯರಿ ಉತ್ತರಕ್ಕೆ ಹೋದಾಗೆಲ್ಲ ಹೆನ್ಸನ್ ಜೊತೆಗಿದ್ದ. ಬಡಗಿ ಅವನೇ, ಬಂಡಿ ಕಟ್ಟುವವ ಅವನೇ, ನಾಯಿ ಪಳಗಿಸುವವ ಅವನೇ. ಎಲ್ಲಕ್ಕಿಂತ ಮುಖ್ಯ, ಇನ್ಯೂಟ್ ಜನರ ಮಾತನ್ನು ಅವರಂತೆಯೇ ಆಡಲು ಕಲಿತ. ಪಿಯರಿಗೆ ಆ ಮಾತು ಕೆಲಸ ಮಾಡಿಸುವಷ್ಟು ಮಾತ್ರ ಬರುತ್ತಿತ್ತು. ಪರಭಾಷೆಯ ಊರಲ್ಲಿ ಬದುಕುವ ಗಡಿನಾಡಿನ ಜನಕ್ಕೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಮಾತು ಕಲಿತವನನ್ನು ಒಳಗೆ ಕರೆದು ಕೂಡಿಸುತ್ತಾರೆ. ಕಲಿಯದವನ ಜೊತೆ ವ್ಯವಹಾರ ಬಾಗಿಲಲ್ಲೇ ಮುಗಿಯುತ್ತದೆ. ಇನ್ಯೂಟರು ಹೆನ್ಸನ್‌ಗೆ 'ಮಾರಿ ಪಾಲುಕ್' ಎಂದು ಹೆಸರಿಟ್ಟರು. ಮ್ಯಾಥ್ಯೂ ಎನ್ನುವುದು ಅವರ ನಾಲಿಗೆಯಲ್ಲಿ ಮಾರಿ ಆಯಿತು. ಕನ್ನಡದ ಕಿವಿಗೆ ಮಾರಿ ಎಂದರೆ ಬೇರೆಯೇ ಕೇಳಿಸೀತು, ಆದರೆ ಅಲ್ಲಿ ಅದರ ಅರ್ಥ 'ಒಳ್ಳೆಯವನಾದ ಮ್ಯಾಥ್ಯೂ' ಅಂತ.

1909ರ ಮಾರ್ಚ್ 1ರಂದು ಕೇಪ್ ಕೊಲಂಬಿಯಾದಿಂದ ತಂಡ ಹೊರಟಾಗ 24 ಜನ, 19 ಬಂಡಿ, 133 ನಾಯಿ. ದಾರಿಯುದ್ದಕ್ಕೂ ಒಂದೊಂದೇ ಗುಂಪು ಸಾಮಾನು ಇಳಿಸಿ ಹಿಂದಿರುಗುತ್ತಿತ್ತು. ಕೊನೆಗೆ ಹಡಗಿನ ಕಪ್ತಾನ ಬಾಬ್ ಬಾರ್ಟ್ಲೆಟ್‌ನನ್ನೂ ಪಿಯರಿ ವಾಪಸು ಕಳಿಸಿದ. ಉಳಿದವರು ಆರು ಮಂದಿ. ಪಿಯರಿ, ಹೆನ್ಸನ್, ಮತ್ತೆ ನಾಲ್ವರು ಇನ್ಯೂಟರು. ಅವರ ಹೆಸರು ಊಟಾಕ್, ಸೀಗ್ಲೂ, ಇಗಿಂಗ್ವಾ, ಊಕಿಯಾ. ಶಾಲೆಯ ಪಾಠದಲ್ಲಿ ಪಿಯರಿ ಹೆಸರು ಓದಿದವರು ಸಾವಿರಾರು. ಈ ನಾಲ್ಕು ಹೆಸರು ಓದಿದವರು ಎಷ್ಟು? ಧ್ರುವದತ್ತ ಹೋಗುವಾಗ ಹಿಮದ ಹಲಗೆ ಜಾರಿ ಹೆನ್ಸನ್ ಸಮುದ್ರಕ್ಕೆ ಬಿದ್ದ. ಕುತ್ತಿಗೆ ಹಿಡಿದು ಮೇಲೆಳೆದವನು ಊಟಾಕ್. ಒದ್ದೆಯಾದ ಪಾದರಕ್ಷೆ ಬಿಚ್ಚಿ, ಮೈಮೇಲಿನ ನೀರು ಬಡಿದು ಹೆಪ್ಪುಗಟ್ಟದಂತೆ ನೋಡಿಕೊಂಡವನೂ ಅವನೇ. ಅವನಿಲ್ಲದಿದ್ದರೆ ಹೆನ್ಸನ್‌ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನು ಹಡಗಿನಲ್ಲಿ ಕುಳಿತು ಹೊಲಿದವರ ಸುದ್ದಿ. ಪಿಯರಿಯ 'ರೂಸ್‌ವೆಲ್ಟ್' ಹಡಗಿನಲ್ಲಿ ಇನ್ಯೂಟ್ ಹೆಂಗಸರು, ಮಕ್ಕಳೂ ಇದ್ದರು. ಹಿಮಕರಡಿಯ, ಹಿಮಸಾರಂಗದ ಚರ್ಮ ಹದ ಮಾಡಿ, ತಂಡದವರ ಅಂಗಿ, ಇಜಾರು, ಕೈಚೀಲ, ಕಾಲ್ಚೀಲ ಹೊಲಿದು ಕೊಟ್ಟವರು ಅವರೇ. ಆ ಚಳಿಯಲ್ಲಿ ಒಂದು ಹೊಲಿಗೆ ಬಿಚ್ಚಿದರೆ ಬೆರಳು ಹೋಗುತ್ತದೆ. ಹೊಲಿದ ಕೈಗಳ ಹೆಸರನ್ನು ಯಾವ ಕಂಚಿನ ಫಲಕದಲ್ಲಿ ಕೆತ್ತಿದ್ದಾರೆ?

ಮೊದಲಿಗ ಅಲ್ಲದಿದ್ದರೆ?

ಇಲ್ಲಿ ಒಂದು ಮಾತು ಮುಚ್ಚಿಡುವಂತಿಲ್ಲ. ಪಿಯರಿ ನಿಜಕ್ಕೂ ಧ್ರುವ ಮುಟ್ಟಿದನೇ ಎಂಬುದೇ ಅನುಮಾನ. ಫ್ರೆಡರಿಕ್ ಕುಕ್ ಎಂಬಾತ ತಾನು 1908ರಲ್ಲೇ ಮುಟ್ಟಿದೆ ಎಂದಿದ್ದ. ಅದನ್ನು ಈಗ ಬಹುತೇಕ ಯಾರೂ ನಂಬುವುದಿಲ್ಲ. ಪಿಯರಿಯ ದಿನಚರಿ, ಲೆಕ್ಕಾಚಾರಗಳನ್ನು ಬ್ರಿಟಿಷ್ ಧ್ರುವಯಾತ್ರಿ ವಾಲಿ ಹರ್ಬರ್ಟ್ 1980ರ ದಶಕದಲ್ಲಿ ಕೂಲಂಕಷವಾಗಿ ಪರಿಶೀಲಿಸಿದರು. 1969ರಲ್ಲಿ ತಾವೇ ಹಿಮದ ಮೇಲೆ ನಡೆದು ಧ್ರುವ ಮುಟ್ಟಿದವರು ಅವರು. ತಂಡ ಹತ್ತಾರು ಕಿಲೋಮೀಟರ್ ಈಚೆಗೇ ಉಳಿದಿರಬೇಕು ಎಂಬುದು ಅವರ ತೀರ್ಮಾನ. ಒಪ್ಪದವರೂ ಇದ್ದಾರೆ. ಕೊನೆಯ ಹಂತದಲ್ಲಿ ಲೆಕ್ಕ ಹಾಕಿ ಜಾಗ ಗುರುತಿಸಬಲ್ಲ ಇನ್ನೊಬ್ಬ ಮನುಷ್ಯ ಪಿಯರಿಯ ಜೊತೆಗಿರಲಿಲ್ಲ ಎನ್ನುವುದಂತೂ ಸತ್ಯ.

ಹಾಗಾದರೆ ಹೆನ್ಸನ್‌ನ ಮೊಮ್ಮಕ್ಕಳು ಅಜ್ಜನನ್ನು ನೆನೆಯುವುದು ಬಿಡಬೇಕೇ? 'ಮೊದಲಿಗ' ಎಂಬ ಪಟ್ಟಕ್ಕೆ ಮಾತ್ರ ನೆನಪು ಕಟ್ಟಿ ಹಾಕಿದರೆ ಬಿಡಬೇಕಾಗುತ್ತದೆ. ಪಿಯರಿ ಪರ ವಾದಿಸುವವರಿಗೆ ಇರುವ ಕಷ್ಟವೂ ಅದೇ. ಆ ಪಟ್ಟ ಜಾರಿದರೆ ಅವರ ಕೈಯಲ್ಲಿ ಉಳಿಯುವುದು ಕಡಿಮೆ. ಹೆನ್ಸನ್‌ನ ಲೆಕ್ಕ ಬೇರೆ. ಹದಿನೆಂಟು ವರ್ಷ ಆ ಹಿಮದಲ್ಲಿ ದುಡಿದದ್ದು, ಒಂದು ಜನಾಂಗದ ಮಾತು ಕಲಿತದ್ದು, ಅವರ ನಡುವೆ ಒಳ್ಳೆಯವನೆಂದು ಕರೆಸಿಕೊಂಡದ್ದು, ಇವು ಯಾವುದೂ ಅಕ್ಷಾಂಶ ರೇಖಾಂಶ ತಪ್ಪಿದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಕನ್ನಡ ನಾಡಿನ ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನೇ ನೋಡಿ. ತುರು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ದನ ವಾಪಸು ಬಂದವೋ ಇಲ್ಲವೋ ಎಂದು ಕೇಳಿ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಹೆನ್ಸನ್ 1912ರಲ್ಲಿ ತನ್ನ ಅನುಭವದ ಪುಸ್ತಕ ಬರೆದ. ಓದಿದವರು ಕಡಿಮೆ. 1937ರಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ ಗೌರವ ಸದಸ್ಯತ್ವ ಕೊಟ್ಟಾಗ ಆತನಿಗೆ ಎಪ್ಪತ್ತು ದಾಟಿತ್ತು. 1944ರಲ್ಲಿ ಸಂಸತ್ತು ಪಿಯರಿ ತಂಡದವರಿಗೆಂದು ಪದಕ ಕೊಟ್ಟಿತು. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಶ್ವೇತಭವನಕ್ಕೆ ಕರೆದರು. ಮರುವರ್ಷ ಮಾರ್ಚ್‌ನಲ್ಲಿ ಹೆನ್ಸನ್ ತೀರಿಕೊಂಡ. ಅನೌಕಾಕ್ ಬಂದು ನೋಡಿದ್ದು ಆ ಗೋರಿಯನ್ನೇ. ಕೌಂಟರ್ ಅಲ್ಲಿಗೆ ಸುಮ್ಮನಾಗಲಿಲ್ಲ. ಅಧ್ಯಕ್ಷ ರೇಗನ್ ಅವರಿಗೆ ಬರೆದು, ಬೆನ್ನು ಬಿದ್ದು ಅನುಮತಿ ಪಡೆದರು. 1988ರ ಏಪ್ರಿಲ್ 6ರಂದು ಹೆನ್ಸನ್ ಮತ್ತು ಆತನ ಅಮೆರಿಕದ ಹೆಂಡತಿ ಲೂಸಿಯ ಅವಶೇಷಗಳನ್ನು ಆರ್ಲಿಂಗ್ಟನ್‌ಗೆ ತಂದು ಪಿಯರಿಯ ಸಮಾಧಿಯ ಹತ್ತಿರವೇ ಮಣ್ಣು ಮಾಡಲಾಯಿತು. ಗ್ರೀನ್‌ಲ್ಯಾಂಡಿನ ಕುಟುಂಬದವರೂ ಬಂದಿದ್ದರು. ಪಿಯರಿಯ ಬೆನ್ನಿಗೆ ಮೊದಲಿನಿಂದ ನಿಂತಿದ್ದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ತನ್ನ ದೊಡ್ಡ ಪದಕವನ್ನು ಹೆನ್ಸನ್ ಹೆಸರಿಗೆ ಕೊಟ್ಟಿದ್ದು 2000ದಲ್ಲಿ. 2021ರಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿಯ ಒಂದು ಕುಳಿಗೂ ಹೆನ್ಸನ್ ಹೆಸರಾಯಿತು.

ಇದೆಲ್ಲ ಒಳ್ಳೆಯದೇ. ಆದರೆ ಅಮೆರಿಕ ಹೆನ್ಸನ್‌ನನ್ನು 'ಮತ್ತೆ ಕಂಡುಹಿಡಿಯಿತು' ಎಂದು ಬರೆಯುವವರು ಒಂದು ವಿಷಯ ಮರೆಯುತ್ತಾರೆ. ಅವನು ಕಳೆದುಹೋಗಿದ್ದದ್ದು ಅಮೆರಿಕಕ್ಕೆ ಮಾತ್ರ. ಗ್ರೀನ್‌ಲ್ಯಾಂಡಿನ ಆ ಪುಟ್ಟ ಊರುಗಳಲ್ಲಿ ಮಾರಿ ಪಾಲುಕ್‌ನ ಕಥೆ ಎಂಬತ್ತು ವರ್ಷ ಬಾಯಿಂದ ಬಾಯಿಗೆ ನಡೆದೇ ಇತ್ತು. ಪುಸ್ತಕ ಇಲ್ಲ, ಪದಕ ಇಲ್ಲ, ಫೋಟೊ ಕೂಡ ಎಲ್ಲರ ಮನೆಯಲ್ಲಿ ಇಲ್ಲ. ಆದರೂ ಮೊಮ್ಮಕ್ಕಳಿಗೆ ಗೊತ್ತಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುತ್ತಿದ್ದುದನ್ನು ಕೇಳಿದ ಹಿರಿಯರು ಇದನ್ನು ನಂಬಲು ಕಷ್ಟಪಡಲಾರರು.

ಹಾರ ಹಾಕಿದರೆ ಸಾಲದು

ಹಿರಿಯರನ್ನು ನೆನೆಯುವಾಗ ಬೇಕಾದ್ದಷ್ಟೇ ನೆನೆಯುವ ಚಾಳಿ ಎಲ್ಲ ಕಡೆ ಇದೆ. ಹೆನ್ಸನ್ ಕೂಡ ದೇವರಲ್ಲ. 1909ರ ನಂತರ ಅವನು ಆ ಕಡೆ ತಿರುಗಿ ಹೋಗಲಿಲ್ಲ. ಮಗುವನ್ನೂ, ಅದರ ತಾಯಿ ಅಕಾಟಿಂಗ್ವಾಳನ್ನೂ ಬಿಟ್ಟು ಬಂದ. ಬಡವನಾಗಿದ್ದ, ಹಡಗಿನ ಖರ್ಚು ಎಲ್ಲಿಂದ ತರಬೇಕು ಎಂದು ಸಮಾಧಾನ ಹೇಳಬಹುದು. ಅದು ಅರ್ಧ ಉತ್ತರ. ಪಿಯರಿಗಂತೂ ಆ ಸಬೂಬೂ ಇಲ್ಲ. ಆತನ ಹೆಂಡತಿ ಜೋಸೆಫಿನ್ 1900ರಲ್ಲಿ ಗಂಡನನ್ನು ನೋಡಲು ಹಡಗು ಹತ್ತಿ ಬಂದಳು. ಹಡಗು ಹಿಮದಲ್ಲಿ ಸಿಕ್ಕಿಬಿತ್ತು. ಅಲೆಕಾಸಿನಾ ಎಂಬ ಇನ್ಯೂಟ್ ಹೆಣ್ಣುಮಗಳಿಗೆ ತನ್ನ ಗಂಡನಿಂದ ಮಗು ಆಗಿದೆ ಎಂಬುದು ಅವಳಿಗೆ ತಿಳಿದದ್ದು ಅಲ್ಲೇ. ಆ ಅಲೆಕಾಸಿನಾಳ ಇನ್ನೊಬ್ಬ ಮಗನೇ ಕಾಲಿ.

ಇದಕ್ಕಿಂತ ಭಾರವಾದ ಸಂಗತಿಗಳೂ ಇವೆ. ಇನ್ಯೂಟರು ತಲೆತಲಾಂತರದಿಂದ ಚೂರಿಗೆ, ಈಟಿಯ ಮೊನೆಗೆ ಕಬ್ಬಿಣ ತೆಗೆಯುತ್ತಿದ್ದದ್ದು ಆಕಾಶದಿಂದ ಬಿದ್ದ ಉಲ್ಕೆಯ ಬಂಡೆಗಳಿಂದ. ಪಿಯರಿ 1890ರ ದಶಕದಲ್ಲಿ ಅಂಥ ಮೂರು ಬಂಡೆಗಳನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಒಯ್ದ. ದೊಡ್ಡದರ ತೂಕವೇ ಸುಮಾರು 31 ಟನ್. ಅಲ್ಲಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಅವು 40,000 ಡಾಲರಿಗೆ ಮಾರಾಟವಾದವು. ಹೊತ್ತವರು, ಎಳೆದವರು, ದಾರಿ ತೋರಿಸಿದವರು ಇನ್ಯೂಟರು.

ಬಂಡೆಯ ಜೊತೆ ಮನುಷ್ಯರನ್ನೂ ಒಯ್ದ. 1897ರಲ್ಲಿ ಆರು ಜನ ಇನ್ಯೂಟರು ಅದೇ ಮ್ಯೂಸಿಯಂಗೆ ಬಂದರು. ಅವರಲ್ಲಿ ಕಿಸುಕ್ ಎಂಬ ಬೇಟೆಗಾರ, ಅವನ ಜೊತೆ ಮಗ ಮಿನಿಕ್, ಇನ್ನೂ ಏಳೆಂಟು ವರ್ಷದ ಹುಡುಗ. ಊರಿನ ಗಾಳಿ ಒಗ್ಗಲಿಲ್ಲ. ಕ್ಷಯ ಹಿಡಿಯಿತು. ವರ್ಷ ತಿರುಗುವಷ್ಟರಲ್ಲಿ ನಾಲ್ವರು ಸತ್ತರು. ಒಬ್ಬ ಊರಿಗೆ ಹೋದ. ಮಿನಿಕ್ ಒಬ್ಬನೇ ಉಳಿದ. ಅಪ್ಪನನ್ನು ಹೂಳುವ ಶಾಸ್ತ್ರ ಹುಡುಗನ ಕಣ್ಣೆದುರೇ ನಡೆಯಿತು. ಆದರೆ ಹೂತದ್ದು ಹೆಣವಲ್ಲ, ಬಟ್ಟೆ ಸುತ್ತಿದ ದಿಮ್ಮಿ. ಅಪ್ಪನ ಎಲುಬು ಮ್ಯೂಸಿಯಂನಲ್ಲೇ ಇತ್ತು. ಬೆಳೆದ ಮೇಲೆ ಇದು ಗೊತ್ತಾಗಿ ಮಿನಿಕ್ ಅಪ್ಪನ ದೇಹ ಕೊಡಿ ಎಂದು ಕೇಳಿದ. ಕೊಡಲಿಲ್ಲ. 1909ರಲ್ಲಿ ಊರಿಗೆ ಹೋದ. ಹೋಗುವ ಹೊತ್ತಿಗೆ ತಾಯಿ ಮಾತೇ ಮರೆತಿತ್ತು, ಮತ್ತೆ ಕಲಿತ. ಅಲ್ಲೂ ನಿಲ್ಲಲಾಗದೆ 1916ರಲ್ಲಿ ಅಮೆರಿಕಕ್ಕೆ ಮರಳಿದ. 1918ರ ಫ್ಲೂ ಜ್ವರದಲ್ಲಿ ನ್ಯೂಹ್ಯಾಂಪ್‌ಶೈರಿನ ಮರ ಕಡಿಯುವವರ ಊರಲ್ಲಿ ಸತ್ತ. ಕಿಸುಕ್ ಮತ್ತು ಉಳಿದ ಮೂವರ ಎಲುಬುಗಳು ಗ್ರೀನ್‌ಲ್ಯಾಂಡಿನ ಕಾನಾಕ್ ಊರಿಗೆ ವಾಪಸು ಬಂದದ್ದು 1993ರಲ್ಲಿ. ತೊಂಬತ್ತಾರು ವರ್ಷ!

ಪಿಯರಿಯ ವಂಶಸ್ಥರು ಹಿರಿಯನ ಫೋಟೊಕ್ಕೆ ಹಾರ ಹಾಕುವುದಾದರೆ ಹಾಕಲಿ. ಆದರೆ ಕಿಸುಕ್ ಕೂಡ ಅದೇ ಧ್ರುವಯಾತ್ರೆಗಳ ಹಿರಿಯ. ಅವನ ಎಲುಬನ್ನು ಬಿಟ್ಟು ಪಿಯರಿಯ ಕಥೆ ಹೇಳಿದರೆ ಅದು ಪೂರ್ತಿ ಕಥೆಯಲ್ಲ. ಹಳೆಯ ಕಾಲ, ಆಗ ಹಾಗೇ ನಡೆಯುತ್ತಿತ್ತು ಎಂದು ತಳ್ಳಿ ಹಾಕುವವರಿಗೆ ಒಂದೇ ಪ್ರಶ್ನೆ. ಮಿನಿಕ್ ಕೂಡ ಆಗಿನ ಕಾಲದವನೇ ಅಲ್ಲವೇ? ಅವನಿಗೆ ಅದು ತಪ್ಪು ಅಂತ ಆಗಲೇ ಗೊತ್ತಿತ್ತು.

ಪಟ್ಟದ ಹೆಚ್ಚುಕಡಿಮೆ ದಕ್ಷಿಣ ಧ್ರುವದ ಕಥೆಯಲ್ಲೂ ಇದೆ. ಅಲ್ಲಿ ಚರ್ಮದ ಬಣ್ಣದ ಪ್ರಶ್ನೆಯೂ ಇರಲಿಲ್ಲ, ಎಲ್ಲರೂ ಬ್ರಿಟಿಷರೇ. 1912ರಲ್ಲಿ ಕ್ಯಾಪ್ಟನ್ ಸ್ಕಾಟ್ ಜೊತೆ ಧ್ರುವ ಮುಟ್ಟಿ ವಾಪಸು ಬರುವಾಗ ಸತ್ತ ಐವರಲ್ಲಿ ಮೊದಲು ಬಿದ್ದವನು ಎಡ್ಗರ್ ಇವಾನ್ಸ್, ವೇಲ್ಸ್ ಸೀಮೆಯ ನಾವಿಕ. ಉಳಿದ ನಾಲ್ವರು ಅಧಿಕಾರಿ ದರ್ಜೆಯವರು, ಇವನೊಬ್ಬ ಕೆಳದರ್ಜೆಯವ. ಜನ ಚಂದಾ ಎತ್ತಿ ಕುಟುಂಬಗಳಿಗೆ ಹಣ ಕೊಟ್ಟರು. ಇವಾನ್ಸ್‌ನ ಹೆಂಡತಿ ಲೋಯಿಸ್ ಮತ್ತು ಮೂರು ಮಕ್ಕಳ ಪಾಲಿಗೆ ಬಂದದ್ದು ಸ್ಕಾಟ್ ಮನೆಯವರಿಗೆ ಬಂದದ್ದಕ್ಕಿಂತ ಎಷ್ಟೋ ಕಡಿಮೆ. ಸಾಲದ್ದಕ್ಕೆ ಅವನಿಂದಲೇ ತಂಡ ನಿಧಾನವಾಯಿತು ಎಂಬ ಅಪವಾದ ಬೇರೆ. ಸ್ಕಾಟ್‌ನ ಮಗ ಪೀಟರ್ ಸ್ಕಾಟ್ ಪಕ್ಷಿತಜ್ಞನಾಗಿ, ವಿಶ್ವ ವನ್ಯಜೀವಿ ನಿಧಿ ಕಟ್ಟಿದವರಲ್ಲಿ ಒಬ್ಬನಾಗಿ ಹೆಸರು ಮಾಡಿದ. ಮಗನಿಗೆ ಪ್ರಾಣಿಪಕ್ಷಿಗಳಲ್ಲಿ ಆಸಕ್ತಿ ಬರುವಂತೆ ಮಾಡು ಎಂದು ಸಾಯುವ ಮುನ್ನ ಸ್ಕಾಟ್ ಹೆಂಡತಿಗೆ ಬರೆದಿದ್ದ. ತಂದೆಯ ಮಾತು ನಡೆಸಿದ ಮಗ, ಮೆಚ್ಚಬೇಕಾದ್ದೇ. ಇವಾನ್ಸ್‌ನ ಮಕ್ಕಳಿಗೆ ಅಂಥ ಆಸರೆ ಎಲ್ಲಿಂದ ಬರಬೇಕು?

ಸ್ಕಾಟ್‌ನ ತಂಡಕ್ಕೆ ಭಾರತದ್ದೂ ಒಂದು ಪಾಲು ಹೋಗಿತ್ತು. ಸತ್ತವರನ್ನು ಹುಡುಕಲು 1912ರ ಕೊನೆಗೆ ಹೊರಟ ತಂಡ ಸಾಮಾನು ಹೊರಿಸಿದ್ದು ಭಾರತದಿಂದ ಕಳಿಸಿದ್ದ ಏಳು ಹೇಸರಗತ್ತೆಗಳ ಮೇಲೆ. ಅವುಗಳ ಹೆಸರು ಇವತ್ತಿಗೂ ಪುಸ್ತಕಗಳಲ್ಲಿ ಸಿಗುತ್ತವೆ. ಲಾಲ್ ಖಾನ್, ಖಾನ್ ಸಾಹಿಬ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ. ಹಿಮಾಲಯದಲ್ಲಿ ಅವುಗಳನ್ನು ಪಳಗಿಸಿ, ಮೈ ತಿಕ್ಕಿ, ಹಿಮದಲ್ಲಿ ನಡೆಯುವ ಅಭ್ಯಾಸ ಮಾಡಿಸಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಹೇಸರಗತ್ತೆಗೆ ಸಿಕ್ಕ ಜಾಗ ಕಾಯುವವನಿಗೆ ಸಿಗಲಿಲ್ಲ.

ಈಗ ಗೋವಾ ಕಡೆ ಬರೋಣ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಹೊರಟದ್ದು ಗೋವಾದಿಂದಲೇ. 1981ರ ಡಿಸೆಂಬರ್ 6ರಂದು, ಡಾ. ಎಸ್. ಝಡ್. ಖಾಸಿಂ ನೇತೃತ್ವದಲ್ಲಿ 21 ಜನ, ನಾರ್ವೆಯಿಂದ ಬಾಡಿಗೆಗೆ ತಂದ 'ಪೋಲಾರ್ ಸರ್ಕಲ್' ಹಡಗಿನಲ್ಲಿ ಹೋದರು. 1982ರ ಜನವರಿ 9ರಂದು ಅಲ್ಲಿ ಇಳಿದರು. ಎರಡು ವರ್ಷದ ನಂತರ ಹೋದ ಮೂರನೇ ತಂಡ 'ದಕ್ಷಿಣ ಗಂಗೋತ್ರಿ' ನೆಲೆ ಕಟ್ಟಿತು. ಆ ತಂಡದಲ್ಲಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. 1984ರ ಚಳಿಗಾಲದ ಕತ್ತಲನ್ನು ಹನ್ನೆರಡು ಜನ ಅಲ್ಲೇ ಉಳಿದು ಕಳೆದರು. ದಕ್ಷಿಣ ಗಂಗೋತ್ರಿ ಈಗ ಹಿಮದಲ್ಲಿ ಹೂತುಹೋಗಿದೆ. ಅದರ ನಂತರ 'ಮೈತ್ರಿ', 2012ರಲ್ಲಿ 'ಭಾರತಿ' ಬಂದವು. ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, 2008ರಿಂದ 'ಹಿಮಾದ್ರಿ' ಇದೆ. ಈ ಎಲ್ಲದರ ಆಡಳಿತ ನಡೆಯುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ. ಬಂದರಿನ ಕೂಲಿಗೆ, ಕಟ್ಟಡ ಕೆಲಸಕ್ಕೆ ಎಂದು ಬಂದು ನೆಲೆ ನಿಂತ ಕನ್ನಡಿಗರ ಓಣಿಗಳು ಅದೇ ವಾಸ್ಕೋದಲ್ಲಿ ಇವೆ.

ತಂಡದ ಸದಸ್ಯರ ಪಟ್ಟಿ ಸರ್ಕಾರಿ ವರದಿಗಳಲ್ಲಿ ಇರುತ್ತದೆ, ಇಲ್ಲವೆನ್ನುವಂತಿಲ್ಲ. ಆ ಮಟ್ಟಿಗೆ ಪಿಯರಿಯ ಕಾಲಕ್ಕಿಂತ ವಾಸಿ. ಆದರೆ ಪಟ್ಟಿ ಬೇರೆ, ನೆನಪು ಬೇರೆ. ವಿಜ್ಞಾನಿಯ ಕೆಲಸ ಲೇಖನವಾಗಿ ಉಳಿಯುತ್ತದೆ. ಜನರೇಟರ್ ನಿಲ್ಲದಂತೆ ನೋಡಿಕೊಂಡ ಮೆಕ್ಯಾನಿಕ್, ಅಡುಗೆಯವ, ಹಲಗೆ ಜೋಡಿಸಿ ನೆಲೆ ಕಟ್ಟಿದ ಸೈನ್ಯದ ಎಂಜಿನಿಯರಿಂಗ್ ದಳದ ಜವಾನ, ಇವರ ಕೆಲಸ ಎಲ್ಲಿ ಉಳಿಯಬೇಕು? 1980ರ ದಶಕದಲ್ಲಿ ಮೂವತ್ತರ ಹರೆಯದಲ್ಲಿ ಹೋದವರಿಗೆ ಈಗ ಎಪ್ಪತ್ತು ದಾಟಿದೆ. ಆಗಲೇ ನಡುವಯಸ್ಸಿನಲ್ಲಿದ್ದವರಲ್ಲಿ ಬಹಳ ಮಂದಿ ಇಲ್ಲ. ಅವರ ಮೊಮ್ಮಕ್ಕಳು ಕಾಲೇಜು ಮೆಟ್ಟಿಲು ಹತ್ತುತ್ತಿದ್ದಾರೆ. ಮನೆಯಲ್ಲಿ ಅಜ್ಜನ ಹಳೆಯ ಉಣ್ಣೆಯ ಕೋಟೋ, ಪೆಂಗ್ವಿನ್ ಜೊತೆ ತೆಗೆಸಿಕೊಂಡ ಮಾಸಿದ ಫೋಟೊನೋ ಇದ್ದರೆ ಇರಬಹುದು. ಅದರ ಹಿಂದಿನ ಮಾತು ಕೇಳಿದವರು ಯಾರು?

ವಾಸ್ಕೋದ ಕೇಂದ್ರ ಒಂದು ಕೆಲಸ ಮಾಡಬೇಕು. ಹೋಗಿ ಬಂದ ಎಲ್ಲರ, ಅಂದರೆ ದರ್ಜೆ ನೋಡದೆ ಎಲ್ಲರ, ಮಾತನ್ನು ಅವರವರ ಭಾಷೆಯಲ್ಲೇ ಧ್ವನಿಮುದ್ರಿಸಿ ಇಡಬೇಕು. ಅಂಟಾರ್ಕ್ಟಿಕಾದ ಹಿಮ ಕೊರೆದು ತಂದ ತುಂಡುಗಳನ್ನು ಅಲ್ಲಿ ಶೈತ್ಯಾಗಾರದಲ್ಲಿ ಜೋಪಾನ ಮಾಡುತ್ತಾರೆ. ಹೋಗಿ ಬಂದ ಮನುಷ್ಯರ ಮಾತಿಗೆ ಅಷ್ಟು ಖರ್ಚೂ ಬೇಕಿಲ್ಲ, ಒಂದು ಮೈಕು, ಒಂದು ಕುರ್ಚಿ ಸಾಕು. ಗೋವಾದ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಊರಿಂದ ಅತಿಥಿಗಳನ್ನು ಕರೆಸುತ್ತವೆ. ಬೆಳಗಾವಿ, ಕಾರವಾರದ ಕಡೆಯ ನಿವೃತ್ತ ಸೈನಿಕರಲ್ಲಿ, ನೌಕಾಪಡೆಯವರಲ್ಲಿ ಆ ಹಿಮ ತುಳಿದವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಲಿ. ಇದ್ದರೆ ಶಾಲು ಹೊದಿಸಿ ಎರಡು ನಿಮಿಷ ಮಾತಾಡಿಸಿ ಕಳಿಸುವುದು ಬೇಡ. ಮಕ್ಕಳನ್ನು ಮುಂದೆ ಕೂಡಿಸಿ ಪೂರ್ತಿ ಹೇಳಿಸಲಿ.

ಕೇಳುವಾಗ ಚಳಿ ಎಷ್ಟಿತ್ತು, ಪೆಂಗ್ವಿನ್ ಕಚ್ಚಿತೇ ಅಂತ ಕೇಳಿ ಬಿಡಬಾರದು. ಅಡುಗೆ ಯಾರು ಮಾಡುತ್ತಿದ್ದರು, ಜಗಳ ಆದಾಗ ಏನು ಮಾಡಿದಿರಿ, ಹುಷಾರು ತಪ್ಪಿದಾಗ ಯಾರು ನೋಡಿಕೊಂಡರು ಎಂದೂ ಕೇಳಬೇಕು. ಹಾಗೆಯೇ ಮನೆಯಲ್ಲಿ ಉಳಿದ ಅಜ್ಜಿಯನ್ನೂ. ಗಂಡ ತಿಂಗಳುಗಟ್ಟಲೆ, ಕೆಲವರ ಪಾಲಿಗೆ ವರ್ಷದ ಮೇಲೆ, ಇಲ್ಲದಾಗ ಮಕ್ಕಳ ಫೀಸು, ಅತ್ತೆ ಮಾವನ ಔಷಧ, ಬಾಡಿಗೆ ಮನೆಯ ಯಜಮಾನನ ತಗಾದೆ ಎಲ್ಲ ನೋಡಿಕೊಂಡವಳು ಅವಳು. ಅವಳ ಹೆಸರು ಸರ್ಕಾರಿ ಪಟ್ಟಿಯಲ್ಲಿ ಬರುವುದಿಲ್ಲ. ಮನೆಯವರು ಬರೆದುಕೊಂಡರೆ ಮಾತ್ರ ಉಂಟು.